ಟಂಕಸಾಲೆಯ ಕಸದಲ್ಲಿ ಸಿಕ್ಕ ಲೋಹ: ಕಾರ್ಲ್ ಕ್ಲೌಸ್ ಅವರ ಕಥೆ

ಫಸ್ಟ್ ಇಯರ್ ಕೆಮಿಸ್ಟ್ರಿ ನಮ್ಮಲ್ಲಿ ಬಹಳ ಜನಕ್ಕೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತೆ. ನನಗೂ ಅಷ್ಟೇ. ಆದ್ರೆ ಕ್ಯಾಟಲಿಸ್ಟ್ ಪಾಠದ ಒಂದು ಟೇಬಲ್ ಮಾತ್ರ ತಲೆಯಲ್ಲಿ ಉಳಿದಿತ್ತು. ಕಬ್ಬಿಣ, ನಿಕಲ್, ಪ್ಲಾಟಿನಂ ಎಲ್ಲಾ ಗೊತ್ತಿರೋ ಹೆಸರುಗಳು. ನಡುವೆ ಒಂದು ಹೆಸರು ರುಥೇನಿಯಂ. ಪೀರಿಯಾಡಿಕ್ ಟೇಬಲ್‌ನಲ್ಲಿ 44ನೇ ನಂಬರು, ಕಬ್ಬಿಣದ ಸರಿಯಾಗಿ ಕೆಳಗಿನ ಮನೆ. ಇದನ್ನ ಯಾರು ಕಂಡುಹಿಡಿದ್ರು ಅಂತ ಹುಡುಕಿದಾಗ ಒಬ್ಬ ಮೆಡಿಕಲ್ ಶಾಪ್ ಹುಡುಗನ ಕಥೆ ಸಿಕ್ಕಿತು. ಮಾನ್ವಿಯಲ್ಲಿ ನಮ್ಮ ಮಾಮಂದೂ ಒಂದು ಮೆಡಿಕಲ್ ಶಾಪ್ ಅದ. ರಜೆಯಲ್ಲಿ ಅಲ್ಲಿ ಕೂತು ಮಾತ್ರೆ ಸ್ಟ್ರಿಪ್ ಕತ್ತರಿಸಿ ಕೊಟ್ಟವನು ನಾನು. ಹಾಗಾಗಿ ಈ ಕಥೆ ನನಗೆ ಸ್ವಲ್ಪ ಹತ್ತಿರದ್ದು ಅನ್ನಿಸಿತು.

ಅಪ್ಪ ಅಮ್ಮ ಇಲ್ಲದ ಹುಡುಗ

ಕಾರ್ಲ್ ಅರ್ನ್ಸ್ಟ್ ಕ್ಲೌಸ್ ಹುಟ್ಟಿದ್ದು 1796ರ ಜನವರಿಯಲ್ಲಿ, ಡೋರ್ಪಾಟ್ ಎಂಬ ಊರಿನಲ್ಲಿ. ಈಗ ಅದರ ಹೆಸರು ಟಾರ್ಟು, ಇರೋದು ಎಸ್ಟೋನಿಯಾ ದೇಶದಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಮನೆಮಾತು ಜರ್ಮನ್. ತಂದೆ ಚಿತ್ರಕಾರ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮತ್ತೊಂದು ಮದುವೆಯಾದರು, ಸ್ವಲ್ಪ ದಿನದಲ್ಲೇ ಅವರೂ ಹೋದರು. ಓದು ಅರ್ಧಕ್ಕೆ ನಿಂತಿತು. 14ನೇ ವಯಸ್ಸಿಗೆ ಹುಡುಗನನ್ನ ಸೇಂಟ್ ಪೀಟರ್ಸ್‌ಬರ್ಗಿನ ಒಂದು ಔಷಧಿ ಅಂಗಡಿಗೆ ಕೆಲಸ ಕಲಿಯೋಕೆ ಕಳಿಸಿದರು.

ಆ ಕಾಲದ ಔಷಧಿ ಅಂಗಡಿ ಅಂದ್ರೆ ಇವತ್ತಿನ ಥರ ರೆಡಿ ಸ್ಟ್ರಿಪ್ ಮಾರೋ ಜಾಗ ಅಲ್ಲ. ಗಿಡ, ಬೇರು, ಲವಣ, ಆಸಿಡ್ ಎಲ್ಲಾ ತಂದು ಅಲ್ಲೇ ಅರೆದು, ಕುದಿಸಿ, ಸೋಸಿ ಮದ್ದು ಮಾಡಬೇಕಿತ್ತು. ಒಂದು ರೀತಿಯಲ್ಲಿ ಅದೇ ಕೆಮಿಸ್ಟ್ರಿ ಲ್ಯಾಬ್. ಹಗಲು ಅಂಗಡಿ ಕೆಲಸ, ಉಳಿದ ಹೊತ್ತಿನಲ್ಲಿ ತಾನೇ ಪುಸ್ತಕ ಹಿಡಿದು ಓದು. ಕಾಲೇಜು ಮೆಟ್ಟಿಲು ಹತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಊರಿಗೆ ಬಂದು ಡೋರ್ಪಾಟ್ ವಿಶ್ವವಿದ್ಯಾಲಯದ ಫಾರ್ಮಸಿ ಪರೀಕ್ಷೆ ಪಾಸು ಮಾಡಿದ.

ಆಮೇಲೆ ವೋಲ್ಗಾ ನದಿ ದಂಡೆಯ ಸರಾಟೊವ್ ಊರಿನಲ್ಲಿ ಕೆಲಸ. 1826ರಲ್ಲಿ ಕಜಾನ್ ನಗರಕ್ಕೆ ಹೋಗಿ ಸ್ವಂತ ಅಂಗಡಿ ಹಾಕಿದರು. ವ್ಯಾಪಾರ ಚೆನ್ನಾಗಿ ನಡೀತಿತ್ತು. ಆದ್ರೆ ಮನಸ್ಸು ಗಲ್ಲಾಪೆಟ್ಟಿಗೆ ಮೇಲೆ ಇರಲಿಲ್ಲ. ಆಗಾಗ ವೋಲ್ಗಾ ಆಚೆಯ ಬಯಲು ಸೀಮೆಗೆ ಹೋಗಿ ಗಿಡಗಳನ್ನ ಆರಿಸಿ ತರೋದು, ಒಣಗಿಸಿ ಇಡೋದು, ಪಟ್ಟಿ ಮಾಡೋದು. ಆ ಸೀಮೆಯ ಸಸ್ಯಗಳ ಬಗ್ಗೆ ಅವರು ಮಾಡಿದ ಕೆಲಸ ಎಷ್ಟು ಗಟ್ಟಿಯಾಗಿತ್ತು ಅಂದ್ರೆ ಸಾಸಿವೆ ಕುಟುಂಬದ ಒಂದು ಸಸ್ಯ ಕುಲಕ್ಕೆ ಅವರ ಹೆಸರಿನಿಂದಲೇ ಕ್ಲೌಸಿಯಾ ಅಂತ ಹೆಸರಿಟ್ಟಿದ್ದಾರೆ.

35ನೇ ವಯಸ್ಸಿಗೆ ಮತ್ತೆ ಶುರು

1831ರಲ್ಲಿ ಕ್ಲೌಸ್ ಒಂದು ನಿರ್ಧಾರ ಮಾಡಿದರು. ನಮ್ಮ ಮನೆಗಳಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಇಡೀ ಬಳಗ ಕೂತು ಬುದ್ಧಿ ಹೇಳ್ತಿತ್ತು. ನಡೀತಿದ್ದ ಅಂಗಡಿ ಮಾರಿ ಡೋರ್ಪಾಟ್‌ಗೆ ವಾಪಸ್ ಹೋಗಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿಕೊಂಡರು. ವಯಸ್ಸು 35, ಸಂಸಾರ ಇತ್ತು. ಬೀಕರ್ ತೊಳೆಯೋದರಿಂದ ಹಿಡಿದು ಪ್ರಯೋಗಕ್ಕೆ ತಯಾರಿ ಮಾಡೋ ತನಕ ಎಲ್ಲಾ ಕೆಲಸ. ಅದರ ಜೊತೆಗೇ ಓದಿ 1837ರಲ್ಲಿ ಮಾಸ್ಟರ್ ಪದವಿ ತಗೊಂಡರು. ಅದೇ ವರ್ಷ ಕಜಾನ್ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮದ್ದು ಮಾರಿದ ಊರಿಗೇ ಈಗ ಮೇಷ್ಟ್ರಾಗಿ ಹೋದರು.

ಕಜಾನ್ ಅಂದ್ರೆ ರಾಜಧಾನಿ ಅಲ್ಲ. ಮಾಸ್ಕೋದಿಂದ ಪೂರ್ವಕ್ಕೆ 700 ಕಿ.ಮೀ.ಗೂ ದೂರ, ಪೀಟರ್ಸ್‌ಬರ್ಗ್ ಅದಕ್ಕಿಂತ ಇನ್ನೂ ದೂರ. ರೈಲು ಇಲ್ಲದ ಕಾಲ, ಕುದುರೆ ಗಾಡಿಯೇ ಗತಿ. ದೊಡ್ಡ ಅಕಾಡೆಮಿ, ದೊಡ್ಡ ಹೆಸರಿನವರು, ದುಡ್ಡು ಎಲ್ಲಾ ರಾಜಧಾನಿಯಲ್ಲಿ. ರಾಯಚೂರಿನಲ್ಲಿ ಕೂತವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ಸಣ್ಣ ಇಂಟರ್ನ್‌ಶಿಪ್‌ಗೂ 400 ಕಿ.ಮೀ. ದಾಟಿ ಬೆಂಗಳೂರಿಗೇ ಹೋಗಬೇಕು ಅನ್ನೋ ಭಾವನೆ ನಮಗೆಲ್ಲಾ ಇದ್ದೇ ಇದೆ.

ಆದ್ರೆ ಆ ಹೊತ್ತಿಗೆ ಕಜಾನ್‌ನಲ್ಲಿ ಯಾರ್ಯಾರು ಇದ್ದರು ನೋಡಿ. ವಿಶ್ವವಿದ್ಯಾಲಯದ ಮುಖ್ಯಸ್ಥರು ಲೊಬಾಚೆವ್ಸ್ಕಿ, ಯೂಕ್ಲಿಡ್‌ನ ಜ್ಯಾಮಿತಿಗಿಂತ ಬೇರೆ ಜ್ಯಾಮಿತಿ ಸಾಧ್ಯ ಅಂತ ತೋರಿಸಿದವರು. ಪಕ್ಕದಲ್ಲೇ ಝಿನಿನ್, 1842ರಲ್ಲಿ ನೈಟ್ರೊಬೆಂಝೀನ್‌ನಿಂದ ಅನಿಲೀನ್ ಮಾಡಿದವರು. 1844ರಲ್ಲಿ ಅಲ್ಲಿಗೆ ಓದಲು ಬಂದು ಸೇರಿದ ಹುಡುಗರಲ್ಲಿ ಲಿಯೋ ಟಾಲ್‌ಸ್ಟಾಯ್ ಕೂಡ ಒಬ್ಬ. ಆತ ಡಿಗ್ರಿ ಮುಗಿಸದೇ ಬಿಟ್ಟುಹೋದ, ಅದು ಬೇರೆ ಕಥೆ.

ಕಸ ಬೇಡಿ ತಂದ ಪ್ರೊಫೆಸರ್

ಈಗ ಸ್ವಲ್ಪ ಹಿನ್ನೆಲೆ ಬೇಕು. 1820ರ ದಶಕದಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ ಪ್ಲಾಟಿನಂ ಸಿಕ್ಕಿತ್ತು. 1828ರಿಂದ 1845ರ ತನಕ ರಷ್ಯಾ ಸರ್ಕಾರ ಪ್ಲಾಟಿನಂನಲ್ಲೇ 3, 6, 12 ರೂಬಲ್‌ಗಳ ನಾಣ್ಯ ಹೊಡೆಸಿತು. ಅದಕ್ಕೆ ಅದಿರನ್ನ ಆಕ್ವಾ ರೀಜಿಯಾದಲ್ಲಿ, ಅಂದ್ರೆ ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಸಿಡ್ ಮಿಶ್ರಣದಲ್ಲಿ ಕರಗಿಸ್ತಿದ್ದರು. ಪ್ಲಾಟಿನಂ ಕರಗುತ್ತೆ, ತಳದಲ್ಲಿ ಕಪ್ಪು ಗಸಿ ಉಳಿಯುತ್ತೆ. ಈ ಗಸಿ ಪೀಟರ್ಸ್‌ಬರ್ಗಿನ ಟಂಕಸಾಲೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು.

ನಮ್ಮ ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಡೆ ಹೋದವರು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದೊಡ್ಡ ದಿಬ್ಬಗಳನ್ನ ನೋಡಿರ್ತೀರಿ. ಅದರಲ್ಲಿ ರುಥೇನಿಯಂ ಇದೆ ಅಂತ ನಾನು ಹೇಳ್ತಿಲ್ಲ, ಹಟ್ಟಿ ಅದಿರು ಬೇರೆ ಜಾತಿಯದ್ದು. ಆದ್ರೆ ಬೇಕಾದದ್ದು ತೆಗೆದಾಯ್ತು, ಉಳಿದದ್ದು ಕಸ ಅಂತ ಎಲ್ಲರೂ ನಡೆದುಹೋಗುವ ದಿಬ್ಬ ಹೇಗಿರುತ್ತೆ ಅನ್ನೋದು ನಮಗೆ ಗೊತ್ತು.

1840ರ ಸುಮಾರಿಗೆ ಕ್ಲೌಸ್ ಆ ಗಸಿಯ ಸ್ವಲ್ಪ ಭಾಗ ತರಿಸಿ ಪರೀಕ್ಷೆ ಮಾಡಿದರು. ಅದರಲ್ಲಿ ಶೇ. 10ರ ತನಕ ಪ್ಲಾಟಿನಂ ಇನ್ನೂ ಉಳಿದಿತ್ತು! ಜೊತೆಗೆ ಇರಿಡಿಯಂ, ಆಸ್ಮಿಯಂ, ರೋಡಿಯಂ, ಪಲ್ಲಾಡಿಯಂ. ಈ ವಿಷಯ ತಗೊಂಡು ಪೀಟರ್ಸ್‌ಬರ್ಗಿಗೆ ಹೋಗಿ ಹಣಕಾಸು ಮಂತ್ರಿ ಕೌಂಟ್ ಕಾಂಕ್ರಿನ್ ಅವರಿಗೆ ತಿಳಿಸಿದರು. ಮಂತ್ರಿಗೆ ಪ್ಲಾಟಿನಂ ವಾಪಸ್ ಬರಬಹುದು ಅನ್ನೋ ಆಸೆ. ಕ್ಲೌಸ್‌ಗೆ ಗಸಿಯಲ್ಲಿ ಬೇರೆ ಏನಿದೆ ಅನ್ನೋ ಕುತೂಹಲ. ಸುಮಾರು 8 ಕಿಲೋ ಗಸಿ ಕಜಾನ್‌ಗೆ ಬಂತು.

ಆಮೇಲೆ ನಡೆದದ್ದು ಬೇಜಾರು ಹಿಡಿಸುವಷ್ಟು ಸೋಸುವ ಕೆಲಸ. ಗಸಿಯನ್ನ ಪೊಟ್ಯಾಶ್ ಮತ್ತು ಪೆಟ್ಲುಪ್ಪಿನ ಜೊತೆ ಬೆಳ್ಳಿಯ ಮೂಸೆಯಲ್ಲಿ ಕೆಂಪಗೆ ಕಾಯಿಸಿ ಕರಗಿಸೋದು. ತಣ್ಣಗಾದ ಮೇಲೆ ನೀರಿಗೆ ಹಾಕಿದ್ರೆ ಕಿತ್ತಳೆ ಬಣ್ಣದ ದ್ರಾವಣ. ಅದನ್ನ ಕತ್ತಲಲ್ಲಿ ಕೆಲವು ದಿನ ಇಟ್ಟು, ನೈಟ್ರಿಕ್ ಆಸಿಡ್ ಹಾಕಿದ್ರೆ ಕಪ್ಪು ಪುಡಿ ತಳಕ್ಕೆ ಇಳಿಯುತ್ತೆ. ಆ ಪುಡಿಯನ್ನ ಆಕ್ವಾ ರೀಜಿಯಾ ಹಾಕಿ ಬಟ್ಟಿ ಇಳಿಸಿದ್ರೆ ಆಸ್ಮಿಯಂ ವಿಷದ ಆವಿಯಾಗಿ ಹೋಗುತ್ತೆ. ಉಳಿದದ್ದಕ್ಕೆ ಅಮೋನಿಯಂ ಕ್ಲೋರೈಡ್ ಸೇರಿಸಿ ಲವಣ ಮಾಡಿ, ಆ ಲವಣವನ್ನ ಕಾಯಿಸಿದ್ರೆ ಕೊನೆಗೆ ಸ್ಪಂಜಿನಂಥ ಬೂದು ಲೋಹ. ಅದು ಇರಿಡಿಯಂ ಅಲ್ಲ, ರೋಡಿಯಂ ಅಲ್ಲ, ಗೊತ್ತಿದ್ದ ಯಾವುದೂ ಅಲ್ಲ. 1844ರಲ್ಲಿ ಹೀಗೆ ಕೈಗೆ ಬಂದದ್ದು ಬರೀ 6 ಗ್ರಾಂ.

ಈ ಕೆಲಸದಲ್ಲಿ ಕ್ಲೌಸ್ ತಮ್ಮ ದೇಹವನ್ನೇ ಒಂದು ಉಪಕರಣ ಮಾಡಿಕೊಂಡಿದ್ದರು. ಆಸಿಡ್ ಎಷ್ಟು ಸ್ಟ್ರಾಂಗ್ ಅಂತ ನೋಡೋಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸೋದು ಅವರ ಅಭ್ಯಾಸ. ರುಥೇನಿಯಂನ ಅಮೋನಿಯಾ ಸಂಯುಕ್ತವೊಂದನ್ನ ರುಚಿ ನೋಡಲು ಹೋಗಿ ಬಾಯಿ ತುಂಬಾ ಗುಳ್ಳೆ ಎದ್ದಿತ್ತು. 1845ರಲ್ಲಿ ಆಸ್ಮಿಯಂ ಟೆಟ್ರಾಕ್ಸೈಡ್ ಆವಿ ಕುಡಿದು ಎಷ್ಟು ಹುಷಾರು ತಪ್ಪಿದರೆಂದರೆ ಕೆಲಸವನ್ನೇ ನಿಲ್ಲಿಸಿ ಮಲಗಬೇಕಾಯ್ತು. ಇದನ್ನ ಯಾರೂ ದೊಡ್ಡ ಸಾಹಸ ಅಂತ ತಿಳಿಯಬೇಡಿ. ಆಸ್ಮಿಯಂ ಆವಿ ಕಣ್ಣನ್ನೂ ಶ್ವಾಸಕೋಶವನ್ನೂ ಹಾಳು ಮಾಡುತ್ತೆ. ಅವರು ಬದುಕಿದ್ದು ಅದೃಷ್ಟ. ನಮಗೆ ಗ್ಲೌಸ್ ಇದೆ, ಫ್ಯೂಮ್ ಹುಡ್ ಇದೆ, ಹಾಕ್ಕೊಳ್ಳೋಣ.

ದೊಡ್ಡವರು ಇಲ್ಲ ಅಂದಾಗ

ಹೊಸ ಲೋಹ ಸಿಕ್ಕಿದೆ ಅಂತ ಹೇಳೋದು ಆಗ ಸುಲಭ ಇರಲಿಲ್ಲ. ಯಾಕಂದ್ರೆ ಇದೇ ಉರಲ್ ಪ್ಲಾಟಿನಂನಲ್ಲಿ ಹೊಸ ಲೋಹ ಸಿಕ್ಕಿದೆ ಅಂತ ಒಬ್ಬರು ಆಗಲೇ ಹೇಳಿ ಕೈಸುಟ್ಟುಕೊಂಡಿದ್ದರು. ಡೋರ್ಪಾಟ್‌ನಲ್ಲಿ ಪ್ರೊಫೆಸರ್ ಆಗಿದ್ದ ಗಾಟ್‌ಫ್ರೀಡ್ ಒಸಾನ್ 1828ರಲ್ಲಿ ಒಂದಲ್ಲ, ಮೂರು ಹೊಸ ಲೋಹ ಸಿಕ್ಕಿವೆ ಅಂದರು. ಅದರಲ್ಲಿ ಒಂದಕ್ಕೆ ರುಥೇನಿಯಂ ಅಂತ ಹೆಸರನ್ನೂ ಇಟ್ಟರು. ರುಥೇನಿಯಾ ಅನ್ನೋದು ರಷ್ಯಾ ನಾಡಿಗೆ ಲ್ಯಾಟಿನ್ ಹೆಸರು. ಆದ್ರೆ ಸ್ಟಾಕ್‌ಹೋಮಿನ ಬರ್ಜೀಲಿಯಸ್ ಅದೇ ಅದಿರು ಪರೀಕ್ಷಿಸಿ ನೋಡಿದಾಗ ಹೊಸದೇನೂ ಕಾಣಲಿಲ್ಲ. ಒಸಾನ್ ಮಾತು ಹಿಂದಕ್ಕೆ ತಗೊಂಡರು.

ಬರ್ಜೀಲಿಯಸ್ ಅಂದ್ರೆ ಆ ಕಾಲದ ಕೆಮಿಸ್ಟ್ರಿಯ ಸುಪ್ರೀಂ ಕೋರ್ಟ್. ನಾವು ಇವತ್ತು ಬರೆಯೋ ಮೂಲಧಾತುಗಳ ಅಕ್ಷರ ಚಿಹ್ನೆಗಳ ಪದ್ಧತಿ ಅವರದ್ದೇ. ಕ್ಲೌಸ್ 1844ರಲ್ಲಿ ತಮ್ಮ ಸ್ಯಾಂಪಲ್ ಅವರಿಗೇ ಕಳಿಸಿದರು. ಬಂದ ಉತ್ತರ ತಣ್ಣೀರು ಎರಚುವಂಥದ್ದು. ಇದು ಹೊಸ ಲೋಹ ಅಲ್ಲ, ಸರಿಯಾಗಿ ಶುದ್ಧ ಮಾಡದ ಇರಿಡಿಯಂ ಅನ್ನೋ ತೀರ್ಪು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಂದು ಕಡೆ ಯೂರೋಪಿನಲ್ಲೇ ದೊಡ್ಡ ಹೆಸರು. ಇನ್ನೊಂದು ಕಡೆ ದೂರದ ಊರಿನಲ್ಲಿ ಮೊದಲು ಮದ್ದು ಮಾರಿದ್ದ, ತಡವಾಗಿ ಡಿಗ್ರಿ ತಗೊಂಡ ಮನುಷ್ಯ. ಎರಡು ವರ್ಷ ಹಿಂದೆಯಷ್ಟೇ, 1842ರಲ್ಲಿ, ಕಜಾನ್ ನಗರಕ್ಕೆ ದೊಡ್ಡ ಬೆಂಕಿ ಬಿದ್ದು ವಿಶ್ವವಿದ್ಯಾಲಯದ ವೀಕ್ಷಣಾಲಯವೂ ಸುಟ್ಟಿತ್ತು. ನಾನಾಗಿದ್ರೆ ಸಾರ್ ಹೇಳಿದ್ದೇ ಸರಿ ಇರಬೇಕು ಅಂತ ರೆಕಾರ್ಡ್ ಬುಕ್‌ನಲ್ಲಿ ತಿದ್ದಿಬಿಡ್ತಿದ್ದೆ. ವೈವಾದಲ್ಲಿ ಎಷ್ಟು ಸಲ ಸರಿ ಉತ್ತರ ಗೊತ್ತಿದ್ದೂ, ಎದುರಿನವರ ಮುಖ ನೋಡಿ ಬದಲಾಯಿಸಿಲ್ಲ?

ಕ್ಲೌಸ್ ಜಗಳಕ್ಕೂ ಹೋಗಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಮತ್ತೆ ಶುದ್ಧ ಮಾಡಿದರು, ಮತ್ತೆ ಲವಣಗಳನ್ನ ತಯಾರಿಸಿದರು. ಪ್ರತಿ ಲವಣದ ಬಣ್ಣ, ಕರಗುವ ಗುಣ, ಇರಿಡಿಯಂಗಿಂತ ಎಲ್ಲಿ ಬೇರೆ ಅನ್ನೋದನ್ನ ಸಾಲಾಗಿ ಬರೆದು ಹೊಸ ಸ್ಯಾಂಪಲ್‌ಗಳ ಜೊತೆ ಕಳಿಸಿದರು. ಈ ನಡುವೆ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿ ಅವರ ಬೆನ್ನಿಗೆ ನಿಂತವರು ಹೆಸ್. ಹೌದು, ಪಿಯುಸಿಯಲ್ಲಿ ಲೆಕ್ಕ ಮಾಡಿ ಮಾಡಿ ಸುಸ್ತಾದ ಹೆಸ್ ಲಾ ಅವರದ್ದೇ. ಕೊನೆಗೆ 1845ರಲ್ಲಿ ಬರ್ಜೀಲಿಯಸ್ ತಮ್ಮ ಅಭಿಪ್ರಾಯ ಬದಲಾಯಿಸಿದರು. ಇದು ಹೊಸ ಲೋಹವೇ ಅಂತ ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪು ಗೊತ್ತಾದ ಮೇಲೆ ಮುಚ್ಚಿಡದೆ ತಿದ್ದಿಕೊಂಡ ಬರ್ಜೀಲಿಯಸ್ ದೊಡ್ಡತನವೂ ಇಲ್ಲಿ ಕಾಣುತ್ತೆ. ಕ್ಲೌಸ್‌ಗೆ ರಷ್ಯಾದ ದೊಡ್ಡ ಗೌರವವಾದ ಡೆಮಿಡೊವ್ ಬಹುಮಾನ ಬಂತು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಹೊಸ ಲೋಹಕ್ಕೆ ಕ್ಲೌಸ್ ತಮ್ಮ ಇಷ್ಟದ ಯಾವ ಹೆಸರನ್ನಾದ್ರೂ ಇಡಬಹುದಿತ್ತು. ಅವರು ಒಸಾನ್ ಇಟ್ಟಿದ್ದ ರುಥೇನಿಯಂ ಎಂಬ ಹೆಸರನ್ನೇ ಉಳಿಸಿಕೊಂಡರು. ಒಸಾನ್ ತೋರಿಸಿದ್ದ ಪುಡಿ ಬೇರೆ ಬೇರೆ ಆಕ್ಸೈಡ್‌ಗಳ ಮಿಶ್ರಣ ಅಂತ ಅವರಿಗೆ ಗೊತ್ತಿತ್ತು. ಆದ್ರೂ ಆ ಮನುಷ್ಯ ಹುಡುಕಿದ ದಾರಿ ಪೂರ್ತಿ ಸುಳ್ಳಲ್ಲ, ಅವರ ಸ್ಯಾಂಪಲ್‌ನಲ್ಲೂ ಸ್ವಲ್ಪ ರುಥೇನಿಯಂ ಇದ್ದಿರಬೇಕು ಅನ್ನೋ ಗೌರವ. ನಾಡಿನ ಹೆಸರೂ ಉಳಿಯಿತು, ಸೋತವರ ಹೆಸರೂ ಉಳಿಯಿತು.

ಲೋಹಕ್ಕಿಂತ ದೊಡ್ಡದು ಅದರ ಸಂಯುಕ್ತಗಳು

ಕ್ಲೌಸ್ ಅಲ್ಲಿಗೇ ನಿಲ್ಲಲಿಲ್ಲ. ರುಥೇನಿಯಂ ಯಾವುದರ ಜೊತೆ ಸೇರುತ್ತೆ, ಹೇಗೆ ಸೇರುತ್ತೆ ಅಂತ ವರ್ಷಗಟ್ಟಲೆ ನೋಡಿದರು. ಕ್ಲೋರೈಡ್‌ಗಳು, ಆಕ್ಸೈಡ್‌ಗಳು, ಅಮೋನಿಯಾ ಸೇರಿದ ಲವಣಗಳು. ಸಾಮಾನ್ಯವಾಗಿ ಅಮೋನಿಯಾ ಕ್ಷಾರ ಗುಣ ತೋರಿಸುತ್ತೆ. ಆದ್ರೆ ಲೋಹದ ಜೊತೆ ಸೇರಿದಾಗ ಆ ಗುಣ ಅಡಗಿಹೋಗುತ್ತೆ, ಅದು ಸುಮ್ಮನೆ ಲೋಹಕ್ಕೆ ಅಂಟಿಕೊಂಡು ಕೂರುತ್ತೆ ಅಂತ 1850ರ ದಶಕದಲ್ಲಿ ಅವರು ವಾದ ಮಾಡಿದರು. ಆಗ ಬಹಳ ಜನ ಒಪ್ಪಲಿಲ್ಲ. 1893ರಲ್ಲಿ ಆಲ್ಫ್ರೆಡ್ ವರ್ನರ್ ಕೋಆರ್ಡಿನೇಷನ್ ಸಿದ್ಧಾಂತ ಕೊಟ್ಟಾಗ ಕ್ಲೌಸ್ ಹೇಳಿದ್ದಕ್ಕೆ ಬೆಲೆ ಬಂತು. ನಾವು ಲಿಗ್ಯಾಂಡ್ ಅಂತ ಓದ್ತೀವಲ್ಲ, ಅದರ ಬೇರು ಇಲ್ಲೂ ಇದೆ.

1852ರಲ್ಲಿ ಕ್ಲೌಸ್ ಫಾರ್ಮಸಿ ಪ್ರೊಫೆಸರ್ ಆಗಿ ಹುಟ್ಟೂರು ಡೋರ್ಪಾಟ್‌ಗೆ ವಾಪಸ್ ಹೋದರು. ಹದಿನಾಲ್ಕನೇ ವಯಸ್ಸಿಗೆ ಮದ್ದು ಅರೆಯೋಕೆ ಊರು ಬಿಟ್ಟ ಹುಡುಗ ಅದೇ ಊರಿನಲ್ಲಿ ಮದ್ದಿನ ಪ್ರೊಫೆಸರ್. ಕಜಾನ್‌ನಲ್ಲಿ ಅವರ ಶಿಷ್ಯ ಬಟ್ಲೆರೊವ್ ಕೆಲಸ ಮುಂದುವರಿಸಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ದೊಡ್ಡ ಹೆಸರಾದರು. ಬಟ್ಲೆರೊವ್ ಶಿಷ್ಯ ಮಾರ್ಕೊವ್ನಿಕೊವ್. ಆ ರೂಲ್ ಯಾರಿಗೆ ಗೊತ್ತಿಲ್ಲ!

1863ರಲ್ಲಿ ಕ್ಲೌಸ್ ಪಶ್ಚಿಮ ಯೂರೋಪಿನ ಲ್ಯಾಬ್‌ಗಳನ್ನ ನೋಡಿ ಬಂದರು. 1864ರ ಮಾರ್ಚ್‌ನಲ್ಲಿ, 68ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ಲಾಟಿನಂ ಗುಂಪಿನ ಲೋಹಗಳ ಬಗ್ಗೆ ದೊಡ್ಡ ಪುಸ್ತಕ ಬರೀತಿದ್ದರು, ಅದು ಅರ್ಧಕ್ಕೆ ನಿಂತಿತು. ಆ ಅರ್ಧ ಪುಸ್ತಕವನ್ನೇ 1883ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸಿದರು.

6 ಗ್ರಾಂನಿಂದ ಮುಂದೆ

ಕ್ಲೌಸ್ ಬದುಕಿದ್ದಾಗ ರುಥೇನಿಯಂನಿಂದ ಏನು ಉಪಯೋಗ ಅಂತ ಕೇಳಿದ್ರೆ ಹೇಳೋಕೆ ಹೆಚ್ಚೇನೂ ಇರಲಿಲ್ಲ. ಇಲ್ಲೊಂದು ತಮಾಷೆ ಇದೆ. ಕ್ಯಾಟಲಿಸಿಸ್ ಅನ್ನೋ ಪದವನ್ನ 1835ರಲ್ಲಿ ಬಳಕೆಗೆ ತಂದವರೂ ಬರ್ಜೀಲಿಯಸ್ಸೇ. ಅವರು ಇಲ್ಲ ಅಂದಿದ್ದ ಲೋಹವೇ ಮುಂದೆ ಅವರು ಹೆಸರಿಟ್ಟ ಕೆಲಸದಲ್ಲಿ ಹೀರೋ ಆಯ್ತು.

ಯಾಕೆ ಆಯ್ತು? ಕ್ಯಾಟಲಿಸ್ಟ್ ಅಂದ್ರೆ ಎಲೆಕ್ಟ್ರಾನ್ ವ್ಯವಹಾರದಲ್ಲಿ ಕೈಕಡ ಕೊಟ್ಟು ವಾಪಸ್ ತಗೊಳ್ಳೋ ಸಾಹುಕಾರ ಇದ್ದಂಗ. ಕೊನೆಗೆ ಅವನ ಗಂಟು ಅವನ ಹತ್ರವೇ ಇರುತ್ತೆ, ಆದ್ರೆ ಊರಿನ ವ್ಯಾಪಾರ ಜೋರಾಗಿ ನಡೆದಿರುತ್ತೆ. ರುಥೇನಿಯಂ ಆಕ್ಸಿಡೇಷನ್ ಸ್ಥಿತಿ -2ರಿಂದ +8ರ ತನಕ ಹೋಗುತ್ತೆ. ಇಷ್ಟು ಸಲೀಸಾಗಿ ಕೊಟ್ಟು ತಗೊಳ್ಳೋ ಲೋಹಗಳು ಕಡಿಮೆ. ಜೊತೆಗೆ ಕ್ಲೌಸ್ ನೋಡಿದ ಹಾಗೆ ಬೇರೆ ಬೇರೆ ಅಣುಗಳನ್ನ ಸುತ್ತ ಅಂಟಿಸಿಕೊಳ್ಳುತ್ತೆ. ಯಾವುದನ್ನ ಅಂಟಿಸ್ತೀವೋ ಅದರ ಮೇಲೆ ಅದರ ನಡತೆ ಬದಲಾಗುತ್ತೆ.

ಜಪಾನಿನ ನೊಯೋರಿ ಇಂಥ ರುಥೇನಿಯಂ ಸಂಯುಕ್ತಗಳಿಂದ ಎಡಗೈ ಬಲಗೈ ಥರ ಎರಡು ರೂಪ ಇರುವ ಅಣುಗಳಲ್ಲಿ ಬೇಕಾದ ಒಂದನ್ನೇ ಮಾಡಿ ತೋರಿಸಿದರು. ಅದಕ್ಕೆ 2001ರಲ್ಲಿ ನೊಬೆಲ್ ಪಾಲು ಬಂತು. ಲಿವೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್‌ಗೆ ಬೇಕಾದ ಒಂದು ಕಚ್ಚಾವಸ್ತುವನ್ನ ಈ ದಾರಿಯಲ್ಲಿ ಮಾಡಿದ್ದಾರೆ. ಮಾಮನ ಅಂಗಡಿಯ ರ‍್ಯಾಕ್‌ನಲ್ಲಿ ಆ ಮಾತ್ರೆ ನಾನೇ ನೋಡಿದೀನಿ. ಅಮೆರಿಕದ ಗ್ರಬ್ಸ್ ಮಾಡಿದ ರುಥೇನಿಯಂ ಕ್ಯಾಟಲಿಸ್ಟ್‌ಗಳು ಕಾರ್ಬನ್-ಕಾರ್ಬನ್ ಡಬಲ್ ಬಾಂಡ್‌ಗಳನ್ನ ಬಿಡಿಸಿ ಜೋಡಿ ಬದಲಾಯಿಸ್ತವೆ, ಕೋಲಾಟದಲ್ಲಿ ಜೋಡಿ ಬದಲಾದ ಹಾಗೆ. 2005ರ ನೊಬೆಲ್‌ನಲ್ಲಿ ಶೊವಾನ್, ಶ್ರಾಕ್ ಜೊತೆ ಅವರೂ ಇದ್ದರು. ಉಪ್ಪುನೀರಿನಿಂದ ಕ್ಲೋರಿನ್ ತೆಗೆಯುವ ಫ್ಯಾಕ್ಟರಿಗಳಲ್ಲಿ ಟೈಟಾನಿಯಂ ಪ್ಲೇಟ್ ಮೇಲೆ ರುಥೇನಿಯಂ ಆಕ್ಸೈಡ್ ಲೇಪನ ಇರುತ್ತೆ. ಊರಿನ ನೀರಿನ ಟ್ಯಾಂಕಿಗೆ ಹಾಕೋದು ಕ್ಲೋರಿನ್ನೇ.

ನಮ್ಮ ಕಡೆಗೆ ಬಹಳ ಹತ್ತಿರದ ವಿಷಯ ಅಂದ್ರೆ ಯೂರಿಯಾ. ಮಾನ್ವಿಯ ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಗದ್ದೆಗೂ, ದೇವದುರ್ಗದ ನಾರಾಯಣಪುರ ಕಾಲುವೆ ಕೆಳಗಿನ ಹೊಲಕ್ಕೂ ಸೀಜನ್‌ನಲ್ಲಿ ಯೂರಿಯಾ ಚೀಲ ಬೇಕೇ ಬೇಕು. ಯೂರಿಯಾಕ್ಕೆ ಅಮೋನಿಯಾ ಬೇಕು. ಅಮೋನಿಯಾವನ್ನ ಹೆಚ್ಚಿನ ಕಡೆ ಕಬ್ಬಿಣದ ಕ್ಯಾಟಲಿಸ್ಟ್ ಮೇಲೆ, 400 ಡಿಗ್ರಿಗೂ ಮೀರಿದ ಬಿಸಿಯಲ್ಲಿ, ಭಾರಿ ಒತ್ತಡದಲ್ಲಿ ಮಾಡ್ತಾರೆ. ಕಾರ್ಬನ್ ಮೇಲೆ ಕೂರಿಸಿದ ರುಥೇನಿಯಂ ಇದೇ ಕೆಲಸವನ್ನ ಕಡಿಮೆ ಒತ್ತಡದಲ್ಲಿ ಮಾಡುತ್ತೆ. 1992ರಲ್ಲಿ ಕೆನಡಾದ ಕಿಟಿಮಟ್ ಎಂಬಲ್ಲಿ ಇದನ್ನ ಫ್ಯಾಕ್ಟರಿ ಮಟ್ಟದಲ್ಲಿ ಶುರು ಮಾಡಿದರು. ರುಥೇನಿಯಂ ದುಬಾರಿ ಅನ್ನೋದೇ ದೊಡ್ಡ ತೊಂದರೆ. ಕಡಿಮೆ ರುಥೇನಿಯಂನಲ್ಲಿ ಹೆಚ್ಚು ಕೆಲಸ ಹೇಗೆ ಅನ್ನೋದು ಇವತ್ತಿಗೂ ಸಂಶೋಧನೆಯ ವಿಷಯ. ನಮ್ಮ ರಾಜ್ಯದಲ್ಲೇ, ಧಾರವಾಡ ಮತ್ತು ಮೈಸೂರು ವಿಶ್ವವಿದ್ಯಾಲಯಗಳ ಕೆಮಿಸ್ಟ್ರಿ ವಿಭಾಗಗಳಲ್ಲಿ ರುಥೇನಿಯಂ ಕ್ಲೋರೈಡ್ ಚೂರೇ ಚೂರು ಹಾಕಿದ್ರೆ ಆಕ್ಸಿಡೇಷನ್ ಎಷ್ಟು ಜೋರಾಗುತ್ತೆ ಅಂತ ಅಳೆದು ನೋಡಿದ ಕೆಲಸ ಬಹಳ ನಡೆದಿದೆ.

ಕ್ಲೌಸ್ ಇದ್ಯಾವುದನ್ನೂ ನೋಡಲಿಲ್ಲ. ಅವರ ಕೈಲಿ ಇದ್ದದ್ದು 6 ಗ್ರಾಂ ಬೂದು ಪುಡಿ, ಮತ್ತು ಅದು ಇರಿಡಿಯಂ ಅಲ್ಲ ಅನ್ನೋ ಖಾತ್ರಿ. ಆ ಖಾತ್ರಿ ಹಠದಿಂದ ಬಂದದ್ದಲ್ಲ, ಹತ್ತಾರು ಸಲ ಸೋಸಿ ನೋಡಿದ್ದರಿಂದ ಬಂದದ್ದು. ಬರ್ಜೀಲಿಯಸ್ ಕೈಗೆ 1828ರಲ್ಲೇ ಅದೇ ಅದಿರು ಹೋಗಿತ್ತು, ಅವರಿಗೆ ಕಾಣಲಿಲ್ಲ. ಹದಿನಾರು ವರ್ಷದ ನಂತರ ಕಜಾನ್‌ನಲ್ಲಿ ಕೂತವರಿಗೆ ಕಂಡಿತು.

ಮುಂದಿನ ಸೆಮಿಸ್ಟರ್ ಲ್ಯಾಬಿನಲ್ಲಿ ರೀಡಿಂಗ್ ಪುಸ್ತಕದ ಹಾಗೆ ಬರದಿದ್ರೆ, ಪಕ್ಕದವರ ರೆಕಾರ್ಡ್ ನೋಡಿ ತಿದ್ದೋ ಮುಂಚೆ ಇನ್ನೊಂದು ಸಲ ಮಾಡಿ ನೋಡೋಣ. ಬಹುಶಃ ತಪ್ಪು ನಮ್ಮದೇ ಇರುತ್ತೆ. ಆದ್ರೆ ಅದನ್ನ ನಾವೇ ಮಾಡಿ ತಿಳಿದುಕೊಂಡಿರ್ತೀವಿ.